ಗೇಟಿಲ್ಲದ ಗಿರಣಿಯ ಕೆಲಸಗಾರರು

ಕಿರಾಣಿ ಅಂಗಡಿಯ ಯಜಮಾನರನ್ನು ಕೇಳಿ ನೋಡಿ: "ಉದ್ರಿ ಕೊಡುವ ಮೊದಲು ಏನು ನೋಡುತ್ತೀರಿ?" "ಮುಖ ನೋಡುತ್ತೇವೆ" ಎನ್ನುತ್ತಾರೆ. ಗಿರಣಿಯ ಹಳೆಯ ಕೆಲಸಗಾರರನ್ನು ಕೇಳಿ: "ಸಂಘಕ್ಕೆ ಸೇರಿದ್ದು ಹೇಗೆ?" ಕರಪತ್ರ ಓದಿ ಸೇರಿದೆ ಎನ್ನುವವರು ಅಪರೂಪ. ಪಕ್ಕದ ಮಗ್ಗದವನು ಪಾಳಿ ಬಿಟ್ಟ ಮೇಲೆ ಗೇಟಿನ ಹೊರಗೆ ಚಹಾ ಕುಡಿಸಿ ಕರೆದ, ಹೋದೆ ಎಂದೇ ಹೆಚ್ಚಿನವರು ಹೇಳುತ್ತಾರೆ. ವ್ಯಾಪಾರಕ್ಕೂ ಸಂಘಕ್ಕೂ ಅಡಿಪಾಯ ಒಂದೇ, ಅದು ಮುಖಪರಿಚಯ.

ಹೀಗಿರುವಾಗ, ಜೊತೆಗೆ ದುಡಿಯುವವರ ಮುಖವನ್ನೇ ಎದುರಿಗೆ ಕಾಣದೆ ವರ್ಷಗಟ್ಟಲೆ ದುಡಿಯುವ ಹೊಸದೊಂದು ಕೆಲಸಗಾರರ ಗುಂಪು ನಮ್ಮ ಬೀದಿಗಳಲ್ಲಿಯೇ ಬೆಳೆದು ನಿಂತಿದೆ. ಕಂಪನಿ ಅಮೆರಿಕದಲ್ಲಿ, ಮೇಲ್ವಿಚಾರಕ ಇಂಗ್ಲೆಂಡಿನಲ್ಲಿ, ಜೊತೆಗಾರರು ನಾಲ್ಕು ದೇಶಗಳಲ್ಲಿ. ನಮ್ಮ ಹುಡುಗ ಮಾತ್ರ ತಂದೆಯ ಅಂಗಡಿಯ ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ. ಇವರೇ ಮನೆಯಿಂದ ದುಡಿಯುವ ಸಾಫ್ಟ್‌ವೇರ್ ಕೆಲಸಗಾರರು. ಇವರ ಗಿರಣಿಗೆ ಗೋಡೆಯಿಲ್ಲ, ಸೈರನ್ ಇಲ್ಲ, ಗೇಟೂ ಇಲ್ಲ.

"ಅವರು ತಿಂಗಳಿಗೆ ಲಕ್ಷ ಎಣಿಸುವವರು, ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುವವರು, ಅವರ ಗೊಡವೆ ನಮಗೇಕೆ?" ಎಂದು ಗಿರಣಿಯ ಬಂಧುಗಳು ಕೇಳಬಹುದು. ಕೇಳುವುದು ಸಹಜ. ಆದರೆ ಸ್ವಲ್ಪ ತಾಳ್ಮೆಯಿಂದ ಯೋಚಿಸಬೇಕು. ಸಂಬಳ ಎಷ್ಟೇ ಇರಲಿ, ತನ್ನ ದುಡಿಮೆಯನ್ನು ಮಾರಿಯೇ ಬದುಕಬೇಕಾದವನು, ಇನ್ನೊಬ್ಬನ ಒಂದು ಮಾತಿನಿಂದ ನಾಳೆಯೇ ಅನ್ನ ಕಳೆದುಕೊಳ್ಳಬಹುದಾದವನು ಕೆಲಸಗಾರನೇ ಹೊರತು ಬೇರೇನೂ ಅಲ್ಲ. ಅಲ್ಲದೆ ಈ ಹುಡುಗರು ಆಕಾಶದಿಂದ ಇಳಿದವರಲ್ಲ, ನಮ್ಮ ನಿಮ್ಮ ಮನೆಯ ಮಕ್ಕಳು. ಮಗ್ಗದ ಮುಂದೆ ನಿಂತು, ತಕ್ಕಡಿ ಹಿಡಿದು, ಸಾಲ ಮಾಡಿ ಇವರನ್ನು ಓದಿಸಿದವರು ನೀವೇ.

ಹಳೆಯ ವಿದ್ಯಾರ್ಥಿಯ ಅನುಭವ

ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದ ಒಬ್ಬ ಹುಡುಗ ಇಂಥ ಕೆಲಸದಲ್ಲಿದ್ದಾನೆ. ತಂದೆಯದು ಸಣ್ಣ ಕಿರಾಣಿ ಅಂಗಡಿ. ಕಂಪನಿಯ ಹೆಸರು ಇಲ್ಲಿ ಬೇಡ. ಇವನ ತಂಡದಲ್ಲಿ ಒಟ್ಟು ಒಂಬತ್ತು ಜನ: ಅಮೆರಿಕದ ಕ್ಯಾಲಿಫೋರ್ನಿಯಾದವರು ನಾಲ್ವರು, ಪೋಲೆಂಡಿನವರು ಇಬ್ಬರು, ಇಂಗ್ಲೆಂಡಿನವನೊಬ್ಬ, ನೈಜೀರಿಯಾದವನೊಬ್ಬ, ಇವನೊಬ್ಬ. ಮೂರು ವರ್ಷ ಇವರೆಲ್ಲ ಒಂದೇ ಕೆಲಸ ಮಾಡಿದರು. ಒಬ್ಬರನ್ನೊಬ್ಬರು ಕಂಡದ್ದು ಮಾತ್ರ ಪರದೆಯ ಮೇಲೆ, ಅಂಚೆಚೀಟಿಯಷ್ಟು ಚೌಕದಲ್ಲಿ.

ತಂಡದ ದಿನನಿತ್ಯದ ಸಭೆ ಕ್ಯಾಲಿಫೋರ್ನಿಯಾದವರ ಬೆಳಗಿನ ಹತ್ತು ಗಂಟೆಗೆ. ಅವರಿಗೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ಏಕೆಂದರೆ ಅಲ್ಲಿನವರು ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುತ್ತಾರೆ. ಗಡಿಯಾರ ತಿರುಗಿಸುವವರು ಅವರು, ನಿದ್ದೆ ಕೆಡುವುದು ಇವನದು. ಕೆಲವು ತಿಂಗಳು ರಾತ್ರಿ ಹತ್ತೂವರೆಗೆ, ಉಳಿದ ತಿಂಗಳು ಹನ್ನೊಂದೂವರೆಗೆ ಇವನು ಅಂಗಿ ಬದಲಿಸಿ ಪರದೆಯ ಮುಂದೆ ಕೂರಬೇಕು. ಗಿರಣಿಯಲ್ಲಿ ಇದಕ್ಕೆ ರಾತ್ರಿ ಪಾಳಿ ಎಂಬ ಹೆಸರಾದರೂ ಇದೆ, ಭತ್ಯೆ ಕೇಳುವ ದಾರಿಯಾದರೂ ಇದೆ. ಇಲ್ಲಿ ಅದಕ್ಕೆ "ಹತ್ತು ನಿಮಿಷದ ಮಾತು" ಎಂದು ಹೆಸರು. ಹತ್ತು ನಿಮಿಷ ಒಂದು ಗಂಟೆಯಾದರೆ ಕೇಳುವವರಿಲ್ಲ.

ಅಮೆರಿಕದವರು ತನ್ನನ್ನು ಆಳಿನಂತೆ ಕಾಣುತ್ತಾರೆಂದು ಇವನು ನಂಬಿದ್ದ. ಕಡಿಮೆ ಕೂಲಿಗೆ ಒಪ್ಪಿ ತಮ್ಮ ಕೆಲಸಕ್ಕೆ ಕುತ್ತು ತರುವವನು ಇವನು ಎಂದು ಅವರು ನಂಬಿದ್ದರು. ಪೋಲೆಂಡಿನ ಹೆಂಗಸೊಬ್ಬಳು ಎರಡೇ ಶಬ್ದದಲ್ಲಿ ಉತ್ತರ ಬರೆಯುತ್ತಿದ್ದಳು. ಗರ್ವಿಷ್ಠೆ ಎಂದು ಎಲ್ಲರೂ ತೀರ್ಮಾನಿಸಿದ್ದರು. ಮೂರು ವರ್ಷ ಹೀಗೆಯೇ ನಡೆಯಿತು.

ಕಳೆದ ವರ್ಷ ಕಂಪನಿಯು ತಂಡದವರನ್ನೆಲ್ಲ ಒಂದು ವಾರ ಪೋರ್ಚುಗಲ್ ದೇಶದ ಲಿಸ್ಬನ್ ನಗರಕ್ಕೆ ಕರೆಯಿತು. ಅಮೆರಿಕದವರಿಗೂ ಇಂಗ್ಲೆಂಡಿನವನಿಗೂ ಪಾಸ್‌ಪೋರ್ಟ್ ತೋರಿಸಿದರೆ ಸಾಕು. ಪೋಲೆಂಡಿನವರಿಗೆ ಅದೂ ಹೆಚ್ಚು, ಅವರದು ಒಂದೇ ಒಕ್ಕೂಟ. ವೀಸಾ ಬೇಕಾದವರು ಇಬ್ಬರೇ: ನಮ್ಮವನು ಮತ್ತು ನೈಜೀರಿಯಾದವನು. ಬ್ಯಾಂಕಿನ ಲೆಕ್ಕ, ಕೆಲಸದ ಪತ್ರ, ವಿಮೆ, ಹಿಂದಿರುಗುವ ಟಿಕೆಟು ಎಲ್ಲವನ್ನೂ ಒಪ್ಪಿಸಬೇಕು. 2024ರ ಜೂನ್‌ನಿಂದ ವೀಸಾ ಶುಲ್ಕ 80ರಿಂದ 90 ಯೂರೋಗೆ ಏರಿದೆ. ಅರ್ಜಿ ತಿರಸ್ಕಾರವಾದರೂ ಆ ಹಣ ವಾಪಸು ಬರುವುದಿಲ್ಲ. ನಮ್ಮವನಿಗೆ ವೀಸಾ ಸಿಕ್ಕಿತು, ನೈಜೀರಿಯಾದವನಿಗೆ ಸಿಗಲಿಲ್ಲ. ಅವನು ಬರೆದ ಸಾಫ್ಟ್‌ವೇರ್ ಲಿಸ್ಬನ್ನಿನಲ್ಲೂ ಓಡುತ್ತದೆ, ಅವನು ಮಾತ್ರ ಅಲ್ಲಿಗೆ ಕಾಲಿಡುವಂತಿಲ್ಲ. ಬಂಡವಾಳಕ್ಕೆ ಯಾವ ಗಡಿಯೂ ಇಲ್ಲ, ದುಡಿಮೆಯ ಫಲಕ್ಕೂ ಗಡಿಯಿಲ್ಲ. ದುಡಿಯುವವನಿಗೆ ಮಾತ್ರ ಗಡಿ. ಉಳಿದ ಎಂಟು ಜನ ಒಂದು ಮೇಜಿನ ಸುತ್ತ ಕೂತರು.

ಹುಡುಗ ಬಂದ ಮೇಲೆ ನನಗೆ ಹೇಳಿದ: "ಮೇಷ್ಟ್ರೇ, ಮೊದಲ ದಿನ ಆಶ್ಚರ್ಯವಾದದ್ದು ಒಂದೇ. ನಮ್ಮ ತಂಡದ ಮುಖಂಡ ನನಗಿಂತ ಗಿಡ್ಡ. ಪರದೆಯಲ್ಲಿ ನೋಡಿ ನೋಡಿ ಆರಡಿ ಆಳು ಅಂದ್ಕೊಂಡಿದ್ದೆ." ನಗುವ ಮಾತೇ, ಆದರೆ ಅದರಲ್ಲಿ ಸತ್ಯವಿದೆ. ಕಾಣದ ಮನುಷ್ಯನನ್ನು ನಾವು ಒಂದೋ ದೊಡ್ಡವನನ್ನಾಗಿ, ಇಲ್ಲವೇ ಕೆಟ್ಟವನನ್ನಾಗಿ ಕಲ್ಪಿಸಿಕೊಳ್ಳುತ್ತೇವೆ.

ಎರಡನೆಯ ರಾತ್ರಿ ಊಟದ ನಂತರ ನಿಜವಾದ ಮಾತು ಹೊರಬಿತ್ತು. ಗರ್ವಿಷ್ಠೆ ಎನಿಸಿಕೊಂಡ ಹೆಂಗಸು ಎರಡು ವರ್ಷದ ಮಗುವನ್ನು ತನ್ನ ತಾಯಿಯ ಬಳಿ ಬಿಟ್ಟು ಬಂದಿದ್ದಳು. ಒಂದು ಕೈಯಲ್ಲಿ ಮಗು ಹಿಡಿದು ಇನ್ನೊಂದು ಕೈಯಲ್ಲಿ ಉತ್ತರ ಬರೆಯುವವಳು ಎರಡು ಶಬ್ದಕ್ಕಿಂತ ಹೆಚ್ಚು ಬರೆಯುವುದೆಂತು? ಅಮೆರಿಕದವನು ತನ್ನ ಭಯ ಹೇಳಿಕೊಂಡ. ಅವರ ದೇಶದಲ್ಲಿ ಅನೇಕರಿಗೆ ಆಸ್ಪತ್ರೆಯ ವಿಮೆ ಬರುವುದು ಕೆಲಸದ ಜೊತೆಯಲ್ಲಿ. ಕೆಲಸ ಹೋದರೆ ವಿಮೆಯೂ ಹೋಗುವ ಭಯ. ಅವನ ಹೆಂಡತಿಗೆ ದೀರ್ಘ ಕಾಯಿಲೆ. ಮೇಲ್ವಿಚಾರಕ ಎಷ್ಟೇ ಒತ್ತಿದರೂ ಅವನು ತುಟಿ ಬಿಚ್ಚುತ್ತಿರಲಿಲ್ಲವೇಕೆಂಬುದು ಅಂದು ತಿಳಿಯಿತು. ಸಂಬಳದ ಮಾತೂ ಬಂತು. ಒಂದೇ ಕೆಲಸಕ್ಕೆ ಅಮೆರಿಕದವನಿಗೆ ಇವನ ಮೂರರಷ್ಟಕ್ಕಿಂತ ಹೆಚ್ಚು. ಇವನಿಗೆ ಹೊಟ್ಟೆ ಉರಿಯಿತು. ಆದರೆ ಆ ಊರಿನ ಮನೆಬಾಡಿಗೆ ಎಷ್ಟೆಂದು ಕೇಳಿದ ಮೇಲೆ ಉರಿ ಸ್ವಲ್ಪ ತಣ್ಣಗಾಯಿತು. ಈ ವ್ಯತ್ಯಾಸದ ಲಾಭ ಯಾರ ಜೇಬಿಗೆ ಹೋಗುತ್ತಿದೆ ಎಂಬ ಪ್ರಶ್ನೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ಇನ್ನೊಂದು ಸಂಗತಿ. ತಮ್ಮ ಬೆಳಗಿನ ಹತ್ತು ಗಂಟೆಯೆಂದರೆ ಇವನಿಗೆ ನಡುರಾತ್ರಿಯ ಸಮೀಪ ಎಂಬುದನ್ನು ಆ ನಾಲ್ವರು ಮೂರು ವರ್ಷದಲ್ಲಿ ಒಮ್ಮೆಯೂ ಲೆಕ್ಕ ಹಾಕಿರಲಿಲ್ಲ. ದುರುದ್ದೇಶವಲ್ಲ, ಕಂಡಿರಲಿಲ್ಲ, ಅಷ್ಟೆ. ಲಿಸ್ಬನ್ನಿನಿಂದ ಹಿಂದಿರುಗಿದ ವಾರದಲ್ಲೇ ಅವರು ತಾವೇ ಮುಂದಾಗಿ ಸಭೆಯನ್ನು ತಮ್ಮ ಬೆಳಗಿನ ಎಂಟಕ್ಕೆ ಎಳೆದರು. ಇವನು ಈಗ ಎರಡು ಗಂಟೆ ಮೊದಲು ಮಲಗುತ್ತಾನೆ. ಮೂರು ವರ್ಷ ಪತ್ರ ಬರೆದು ಆಗದ ಕೆಲಸ ಒಂದು ವಾರದ ಮುಖಪರಿಚಯದಿಂದ ಆಯಿತು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ನಾಲ್ಕು ತಿಂಗಳ ನಂತರ ಒಂದು ಬೆಳಗ್ಗೆ ತಂಡದ ಮೂವರಿಗೆ ಈಮೇಲ್ ಮೂಲಕ ಕೆಲಸ ಹೋಯಿತು. ಅವರಲ್ಲಿ ನೈಜೀರಿಯಾದವನೂ ಇದ್ದ, ಹೆಂಡತಿಗೆ ಕಾಯಿಲೆಯಿದ್ದ ಅಮೆರಿಕದವನೂ ಇದ್ದ. ಪತ್ರ ತಲುಪಿದ ಕ್ಷಣದಲ್ಲೇ ಅವರ ಕಂಪನಿ ಖಾತೆಗಳೆಲ್ಲ ಮುಚ್ಚಿದವು. ಇದನ್ನು ಗಿರಣಿಯ ಬಂಧುಗಳು ಚೆನ್ನಾಗಿ ಗಮನಿಸಬೇಕು. ಗಿರಣಿಯಿಂದ ತೆಗೆದು ಹಾಕಿದವನು ಗೇಟಿನ ಹೊರಗೆ ನಿಂತು ಜೊತೆಗಾರರನ್ನು ಕೂಗಬಹುದು. ಇಲ್ಲಿ ಜೊತೆಗಾರರೊಡನೆ ಆಡುವ ಮಾತು, ಅವರ ವಿಳಾಸ, ಅವರ ಹೆಸರಿನ ಪಟ್ಟಿ ಕೂಡ ಮಾಲೀಕನ ಆಸ್ತಿ. ಅವನು ಬೀಗ ಹಾಕಿದರೆ ಮೂರು ವರ್ಷದ ಗೆಳೆತನಕ್ಕೂ ಬೀಗ ಬೀಳುತ್ತದೆ. ಅಂದು ಬೀಳಲಿಲ್ಲ, ಏಕೆಂದರೆ ಲಿಸ್ಬನ್ನಿನಲ್ಲಿ ಎಂಟೂ ಜನ ತಮ್ಮ ಸ್ವಂತ ಫೋನ್ ನಂಬರು ಹಂಚಿಕೊಂಡಿದ್ದರು. ಬಾರದೆ ಉಳಿದ ಒಂಬತ್ತನೆಯವನ ನಂಬರನ್ನೂ ಕೇಳಿ ತರಿಸಿಕೊಂಡಿದ್ದರು. ಕೆಲಸ ಹೋದ ಮೂವರಿಗೆ ಯಾರಿಗೆ ಎಷ್ಟು ಪರಿಹಾರ ಬಂತು, ಯಾರಿಗೆ ಕಡಿಮೆ ಬಂತು ಎಂಬುದು ಸಂಜೆಯೊಳಗೆ ಎಲ್ಲರಿಗೂ ತಿಳಿಯಿತು. ಕಡಿಮೆ ಬಂದವನು ನೈಜೀರಿಯಾದವನು. ಉಳಿದ ಆರು ಜನ ಒಟ್ಟಾಗಿ ಸಹಿ ಮಾಡಿ ಪತ್ರ ಬರೆದರು. ಅವನಿಗೆ ಇನ್ನೊಂದು ತಿಂಗಳ ಸಂಬಳ ಸಿಕ್ಕಿತು. ದೊಡ್ಡ ಗೆಲುವೇನಲ್ಲ. ಆದರೆ ಮುಖ ಕಾಣದವರು ಒಬ್ಬರಿಗಾಗಿ ಒಬ್ಬರು ಸಹಿ ಮಾಡುವುದು ಕಷ್ಟ.

ಮಾಲೀಕರಿಗೆ ಗೊತ್ತಿರುವ ಸತ್ಯ

ಸಾವಿರಾರು ಮೈಲಿ ದೂರದಿಂದ ವಿಮಾನ ಖರ್ಚು ಕೊಟ್ಟು ಜನರನ್ನು ಒಂದು ಕಡೆ ಸೇರಿಸುವುದು ಕಂಪನಿಗಳ ಔದಾರ್ಯವೇ? ಅಲ್ಲ, ಅದು ಲೆಕ್ಕಾಚಾರ.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು ಬೆಂಗಳೂರಿನಲ್ಲಿ ಕೇಂದ್ರ ತೆರೆದು ಉಪಗ್ರಹದ ಸಂಪರ್ಕದಿಂದ ಕೆಲಸವನ್ನು ಹೊರದೇಶಕ್ಕೆ ಕಳುಹಿಸತೊಡಗಿದಾಗ, ಇನ್ನು ಮನುಷ್ಯರು ಓಡಾಡಬೇಕಿಲ್ಲ, ಕೆಲಸವೇ ಓಡಾಡುತ್ತದೆ ಎಂಬ ನಂಬಿಕೆ ಹುಟ್ಟಿತು. ಅದು ಅರ್ಧ ಮಾತ್ರ ನಿಜವಾಯಿತು. ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯ ಉದಾಹರಣೆ ನೋಡೋಣ. 2011ರಲ್ಲಿ ಉಕ್ರೇನಿನ ಒಬ್ಬ ತರುಣನ ಮನೆಯಲ್ಲಿ ಹುಟ್ಟಿದ ಈ ಕೆಲಸಕ್ಕೆ ನೆದರ್‌ಲೆಂಡಿನ ಇನ್ನೊಬ್ಬ ಕೈ ಜೋಡಿಸಿದ. ಕಂಪನಿಗೆ ಕಚೇರಿಯೇ ಇಲ್ಲ. ನಾನಾ ದೇಶಗಳಲ್ಲಿ ಕೆಲಸಗಾರರು ತಂತಮ್ಮ ಮನೆಗಳಲ್ಲಿದ್ದಾರೆ. ಎಲ್ಲವನ್ನೂ ಬರೆದಿಡಬೇಕು, ಬರೆದದ್ದನ್ನು ಓದಿ ಕೆಲಸ ಮಾಡಬೇಕು ಎಂಬುದು ಅಲ್ಲಿನ ಸಿದ್ಧಾಂತ. ಇಂಥ ಕಂಪನಿಯೇ 2017ರಲ್ಲಿ ಮೆಕ್ಸಿಕೋದ ಕ್ಯಾನ್‌ಕುನ್ನಿನಲ್ಲಿ, ಮತ್ತೆ ಅದೇ ವರ್ಷ ಗ್ರೀಸಿನ ಕ್ರೀಟ್ ದ್ವೀಪದಲ್ಲಿ, 2018ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ, 2019ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ತನ್ನ ಕೆಲಸಗಾರರನ್ನೆಲ್ಲ ಕರೆದು ಸೇರಿಸಿತು. 2020ರ ಮಾರ್ಚಿನಲ್ಲಿ ಪ್ರಾಗ್ ನಗರದಲ್ಲಿ ಸೇರಬೇಕಿದ್ದ ಕೂಟ ಕೊರೋನಾದಿಂದ ನಿಂತಿತು. ಕಚೇರಿಯ ಬಾಡಿಗೆಯೇ ಬೇಡವೆಂದವರು ಇಷ್ಟು ಖರ್ಚು ಏಕೆ ಮಾಡಿದರು? ಒಮ್ಮೆ ಜೊತೆಯಲ್ಲಿ ಉಂಡವರು ವರ್ಷವಿಡೀ ಬರಹದಲ್ಲಿ ಜಗಳವಾಡದೆ ಕೆಲಸ ಮಾಡುತ್ತಾರೆ ಎಂಬುದು ಅವರಿಗೆ ಗೊತ್ತು.

ಅದೇ ಕಂಪನಿ ಕೆಲಸಗಾರನಿರುವ ಊರಿನ ದರ ನೋಡಿ ಸಂಬಳ ನಿಗದಿಮಾಡುವುದನ್ನು ತನ್ನ ಕೈಪಿಡಿಯಲ್ಲಿ ಬಹಿರಂಗವಾಗಿಯೇ ಬರೆದುಕೊಂಡಿತು. ಬಹಿರಂಗವಾಗಿ ಬರೆದದ್ದು ಮೆಚ್ಚತಕ್ಕದ್ದೇ. ಹೆಚ್ಚಿನ ಕಂಪನಿಗಳು ಇದನ್ನೇ ಗುಟ್ಟಾಗಿ ಮಾಡುತ್ತವೆ. 2023ರ ಫೆಬ್ರವರಿಯಲ್ಲಿ ಅದು ನೂರಕ್ಕೆ ಏಳರಷ್ಟು ಕೆಲಸಗಾರರನ್ನು ತೆಗೆಯಿತು. ಕೂಡಿ ಉಣ್ಣಿಸಿದ ಕೈಯೇ ಕೆಲಸವನ್ನೂ ಕಿತ್ತುಕೊಳ್ಳಬಲ್ಲದು. ಆದ್ದರಿಂದ ಔತಣವನ್ನು ಔತಣವೆಂದೇ ತಿಳಿಯಬೇಕು, ಬಂಧುತ್ವವೆಂದು ಭ್ರಮಿಸಬಾರದು. ಬಂಧುತ್ವ ಇರಬೇಕಾದುದು ಮೇಜಿನ ಆಚೆ ಈಚೆ ಕೂತ ದುಡಿಯುವವರ ನಡುವೆ.

ಮಾಲೀಕನೇ ಇಲ್ಲದ ಕಡೆಯೂ ಈ ಭೇಟಿಯ ಅಗತ್ಯ ಇದೆ ಎಂಬುದಕ್ಕೆ ಡೆಬಿಯನ್ ಸಾಕ್ಷಿ. 1993ರಲ್ಲಿ ಆರಂಭವಾದ ಇದು ಜಗತ್ತಿನ ನಾನಾ ದೇಶಗಳ ಸ್ವಯಂಸೇವಕರು ಕೂಡಿ ಕಟ್ಟಿ ಎಲ್ಲರಿಗೂ ಪುಕ್ಕಟೆ ಹಂಚುವ ಸಾಫ್ಟ್‌ವೇರ್. ಅವರು 2000ದಿಂದ ವರ್ಷ ವರ್ಷವೂ ಸಮ್ಮೇಳನ ಸೇರುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ನೆರೆಯ ಕೇರಳದ ಕೊಚ್ಚಿಯಲ್ಲಿ ಸೇರಿದ್ದರು. ಪ್ರಯಾಣಕ್ಕೆ ಹಣವಿಲ್ಲದವರಿಗೆ ಸಮ್ಮೇಳನವೇ ನೆರವು ಕೊಡುವ ಪದ್ಧತಿ ಇದೆ. ಬಹುಕಾಲದಿಂದ ಅವರಲ್ಲೊಂದು ರೂಢಿಯುಂಟು: ಎದುರಿಗೆ ನಿಂತು, ಗುರುತಿನ ಚೀಟಿ ನೋಡಿ, ಇವನೇ ಅವನು ಎಂದು ಖಾತ್ರಿಯಾದ ಮೇಲೆಯೇ ಒಬ್ಬರ ಡಿಜಿಟಲ್ ಕೀಲಿಗೆ ಇನ್ನೊಬ್ಬರು ಸಹಿ ಹಾಕುವುದು. ಕಂಪ್ಯೂಟರಿನ ಪಂಡಿತರು ಕೂಡ ನಂಬಿಕೆಗೆ ಆಧಾರವಾಗಿ ಮುಖವನ್ನೇ ಹಿಡಿದರು. ನಮ್ಮ ಕಿರಾಣಿ ಅಂಗಡಿಯ ಯಜಮಾನರು ಹೇಳಿದ್ದೂ ಇದನ್ನೇ.

ಚಕ್ರವರ್ತಿಯ ಖರ್ಚಿನಲ್ಲಿ ಹೋದವರು

ಮಾಲೀಕನ ಖರ್ಚಿನಲ್ಲಿ ಕೂಡಿದವರು ತಮ್ಮ ಹಿತದ ಮಾತಾಡಬಹುದೇ ಎಂದು ಕೆಲವು ಹುಡುಗರು ಸಂಕೋಚಪಡುತ್ತಾರೆ. ಅವರಿಗೆ ಇತಿಹಾಸದ ಒಂದು ಪಾಠ ಹೇಳಬೇಕು. 1862ರಲ್ಲಿ ಲಂಡನ್ನಿನಲ್ಲಿ ಕೈಗಾರಿಕೆಗಳ ದೊಡ್ಡ ಪ್ರದರ್ಶನ ನಡೆಯಿತು. ಹೊಸ ಯಂತ್ರ ನೋಡಿ ಕಲಿತು ಬರಲಿ ಎಂದು ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಸರ್ಕಾರ ತನ್ನ ದೇಶದ ಕೆಲಸಗಾರರ ನಿಯೋಗ ಕಳುಹಿಸಲು ನೆರವಾಯಿತು. ಹೋದವರು ಯಂತ್ರವನ್ನೂ ನೋಡಿದರು, ಇಂಗ್ಲೆಂಡಿನ ಕೆಲಸಗಾರರನ್ನೂ ನೋಡಿದರು. ಆ ಕಾಲದಲ್ಲಿ ಇಂಗ್ಲೆಂಡಿನ ಮಾಲೀಕರು, ಕೂಲಿ ಹೆಚ್ಚಿಸಿ ಎಂದು ಕೇಳಿದರೆ ಫ್ರಾನ್ಸ್, ಜರ್ಮನಿಗಳಿಂದ ಅಗ್ಗದ ಆಳು ತರಿಸುತ್ತೇವೆಂದು ಹೆದರಿಸುತ್ತಿದ್ದರು. ಹೊರಗಿನವನನ್ನು ಓಡಿಸುವುದಲ್ಲ, ಅವನ ಕೂಲಿಯನ್ನೂ ನಮ್ಮ ಮಟ್ಟಕ್ಕೆ ಏರಿಸುವುದೇ ಇದಕ್ಕೆ ಮದ್ದು ಎಂಬುದು ಪರಿಚಯದಿಂದ ಎರಡೂ ಕಡೆಯವರಿಗೆ ತಿಳಿಯಿತು. 1864ರ ಸೆಪ್ಟೆಂಬರ್ 28ರಂದು ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಹಾಲಿನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘ ಹುಟ್ಟಿತು. ಮೊದಲ ಪ್ರಯಾಣದ ಖರ್ಚಿಗೆ ನೆರವಾದವನು ಚಕ್ರವರ್ತಿ. ಅದಕ್ಕಾಗಿ ಕೆಲಸಗಾರರು ಅವನ ಹಂಗಿಗೆ ಬೀಳಲಿಲ್ಲ.

ಬಟ್ಟೆ ಗಿರಣಿಯವರಿಗೆ ಇನ್ನೂ ಹತ್ತಿರದ ಪ್ರಸಂಗ ಇದೆ. 1931ರ ಸೆಪ್ಟೆಂಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದ ಗಾಂಧೀಜಿ ಲ್ಯಾಂಕಶೈರಿನ ಡಾರ್ವೆನ್ ಎಂಬ ಗಿರಣಿ ಊರಿಗೆ ಹೋದರು. ವಿದೇಶಿ ಬಟ್ಟೆಯ ಬಹಿಷ್ಕಾರದಿಂದ ಅಲ್ಲಿನ ಮಗ್ಗಗಳಿಗೂ ಪೆಟ್ಟು ಬಿದ್ದಿತ್ತು, ಸಾವಿರಾರು ಜನ ಕೆಲಸ ಕಳೆದುಕೊಂಡಿದ್ದರು. ಕಲ್ಲು ಬೀಳಬಹುದೆಂದು ಯಾರಾದರೂ ಹೆದರಿದ್ದರೆ ಅದು ಸಹಜವೇ ಆಗಿತ್ತು. ಬಿದ್ದದ್ದು ಜಯಕಾರ. ಗಿರಣಿಯ ಹೆಂಗಸರು ಅವರನ್ನು ಸುತ್ತುವರಿದು ನಕ್ಕ ಫೋಟೋ ಇಂದಿಗೂ ಇದೆ. ಗಾಂಧೀಜಿ ಅಲ್ಲಿ ಸುಳ್ಳು ಸಮಾಧಾನ ಹೇಳಲಿಲ್ಲ; ನಿಮ್ಮ ಕಷ್ಟಕ್ಕೆ ಮರುಗುತ್ತೇನೆ, ಆದರೆ ನನ್ನ ದೇಶದ ಹಸಿವು ಇದಕ್ಕಿಂತ ದೊಡ್ಡದು ಎಂಬರ್ಥದ ಮಾತನ್ನೇ ಆಡಿದರು. ಅವರ ಬೇಡಿಕೆ ಒಂದಿಷ್ಟೂ ಸಡಿಲವಾಗಲಿಲ್ಲ, ಆದರೂ ದ್ವೇಷ ಕರಗಿತು. ಎದುರಿಗೆ ಕೂತು ಮಾತಾಡಿದ ಮಾತ್ರಕ್ಕೆ ಹಿತಾಸಕ್ತಿಯ ಭೇದ ಮಾಯವಾಗುವುದಿಲ್ಲ. ಆದರೆ ಆಚೆಯ ದಡದಲ್ಲಿ ಇರುವವನು ಶತ್ರುವಲ್ಲ, ತನ್ನ ಹಾಗೆಯೇ ಕೂಲಿಯವನು ಎಂಬುದು ಕಣ್ಣಿಗೆ ಕಾಣುತ್ತದೆ.

ಉಡುಗೊರೆಯಲ್ಲ, ಹಕ್ಕು

ಹಾಗಾದರೆ ಈಗ ಮಾಡಬೇಕಾದುದೇನು? ಭೇಟಿಯು ಮಾಲೀಕನ ಮರ್ಜಿಯಾಗಿರುವವರೆಗೂ ಲಾಭ ಬಂದ ವರ್ಷ ಅದು ಇರುತ್ತದೆ, ಲಾಭ ತಗ್ಗಿದ ವರ್ಷ ಮೊದಲು ಅದನ್ನೇ ಕಡಿಯುತ್ತಾರೆ. ಅದು ಹಕ್ಕಾಗಬೇಕು. ಇದು ಬರಿಯ ಕನಸಲ್ಲ. ನಮ್ಮ ಹುಡುಗ ಹೋಗಿಬಂದ ಪೋರ್ಚುಗಲ್ ದೇಶವೇ 2021ರಲ್ಲಿ ಮನೆಯಿಂದ ದುಡಿಯುವವರಿಗಾಗಿ ಕಾಯಿದೆ ತಿದ್ದಿತು. ವಿರಾಮದ ವೇಳೆಯಲ್ಲಿ ಕೆಲಸಗಾರನನ್ನು ಮಾಲೀಕ ಸಂಪರ್ಕಿಸಬಾರದು. ಮನೆಯಿಂದ ದುಡಿಯುವುದರಿಂದ ಆಗುವ ಹೆಚ್ಚಿನ ವಿದ್ಯುತ್ ಮತ್ತು ಇಂಟರ್ನೆಟ್ ಖರ್ಚನ್ನು ಮಾಲೀಕ ಭರಿಸಬೇಕು. ಒಂಟಿತನ ತಪ್ಪಿಸಲು ಕೆಲಸಗಾರ ತನ್ನ ಮೇಲಿನವರನ್ನೂ ಜೊತೆಗಾರರನ್ನೂ ಎದುರಾಗಿ ಕಾಣುವ ಏರ್ಪಾಡು ಮಾಡಬೇಕು. ಒಪ್ಪಂದದಲ್ಲಿ ಬೇರೆ ಅವಧಿ ಹೇಳದಿದ್ದರೆ ಎರಡು ತಿಂಗಳಿಗೆ ಮೀರದಂತೆ. ಅಲ್ಲಿ ಕಾಯಿದೆಯಾಗಿರುವುದನ್ನು ಇಲ್ಲಿ ಕೇಳುವುದೂ ತಪ್ಪೇ?

ನಮ್ಮಲ್ಲಿ ಗಾಳಿ ಬೀಸಿದ್ದು ಎದುರು ದಿಕ್ಕಿಗೆ. 2024ರ ಜುಲೈನಲ್ಲಿ ಐ.ಟಿ. ಕೆಲಸದ ದಿನವನ್ನು 14 ಗಂಟೆಯವರೆಗೆ ಚಾಚುವ ಪ್ರಸ್ತಾಪ ಕರ್ನಾಟಕದಲ್ಲಿ ಬಂತು. ಅದನ್ನು ಎದುರಿಸಿ ಕೂಗೆಬ್ಬಿಸಿದವರು ಐ.ಟಿ. ನೌಕರರ ಸಂಘದವರೇ. ಬೆಂಗಳೂರಿನಲ್ಲಿ ಒಂದೇ ಕಟ್ಟಡದ ಕ್ಯಾಂಟೀನಿನಲ್ಲಿ ಕೂಡುವವರಿಗೆ ಅದು ಸಾಧ್ಯವಾಯಿತು. ಜಿಲ್ಲೆಯ ಊರುಗಳಲ್ಲಿ, ಅಂಗಡಿಯ ಮೇಲಿನ ಕೋಣೆಗಳಲ್ಲಿ ಒಬ್ಬೊಬ್ಬರೇ ಕೂತವರ ಗತಿ ಏನು?

ಆದ್ದರಿಂದ ಆ ಹುಡುಗ ಹುಡುಗಿಯರಿಗೆ ನನ್ನ ಮಾತು ಇಷ್ಟು. ಹೊರದೇಶದ ಜೊತೆಗಾರರನ್ನು ಕಾಣುವ ಅವಕಾಶ ಬಂದರೆ ಬಿಡಬೇಡಿ. ಪ್ರಯಾಣದ ದಿನಗಳನ್ನೂ ಕೆಲಸದ ದಿನವೆಂದೇ ಎಣಿಸಬೇಕು, ವೀಸಾ ಖರ್ಚು ಕಂಪನಿಯದಾಗಬೇಕು ಎಂದು ಮೊದಲೇ ಕೇಳಿ. ಎಲ್ಲರಿಗೂ ವೀಸಾ ಸಿಗುವ ದೇಶವನ್ನೇ ಆರಿಸಿ ಎಂದು ಒತ್ತಾಯಿಸಿ. ಒಬ್ಬನನ್ನು ಹೊರಗಿಟ್ಟ ಕೂಟ ಅರ್ಧ ಕೂಟ. ಮಕ್ಕಳಿರುವ ತಾಯಂದಿರಿಗೆ ಬರುವ ಅನುಕೂಲ ಮಾಡಿಸಿ. ಊಟದ ಮೇಜಿನಲ್ಲಿ ಸಂಬಳ ಎಷ್ಟು, ನಿದ್ದೆ ಎಷ್ಟು ಎಂದು ಕೇಳಲು ನಾಚಬೇಡಿ. ಬರುವಾಗ ಸ್ವಂತ ನಂಬರು ಬರೆದುಕೊಂಡು ಬನ್ನಿ. ಹಾಗೆಯೇ ದೂರದೇಶದವರನ್ನು ಕಾಣುವವರೆಗೆ ಕಾಯದೆ ಇದೇ ಊರಿನಲ್ಲಿ, ಪಕ್ಕದ ಬೀದಿಯಲ್ಲಿ, ನಿಮ್ಮ ಹಾಗೆಯೇ ಪರದೆಯ ಮುಂದೆ ಕೂತಿರುವವರನ್ನು ಹುಡುಕಿ. ತಿಂಗಳಿಗೊಮ್ಮೆ ಯಾವುದಾದರೂ ಹೋಟೆಲಿನಲ್ಲಿ ಚಹಾ ಕುಡಿಯಲು ಸೇರಿ. ನಿಮಗೆ ಗೇಟು ಕಟ್ಟಿಕೊಡುವವರು ಯಾರೂ ಇಲ್ಲ, ನೀವೇ ಕಟ್ಟಿಕೊಳ್ಳಬೇಕು.

ಗಿರಣಿಯ ಬಂಧುಗಳಿಗೂ ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ಮೊನ್ನೆ ಆ ಹುಡುಗನ ತಂದೆ ಕೇಳಿದರು: "ಅಲ್ಲ ಮೇಷ್ಟ್ರೇ, ಇವನ ಕಂಪನಿಯೋರು ಕೆಲಸದಿಂದ ತೆಗೆದ್ರೆ ನಾವು ಯಾರ ಬಾಗಿಲಿಗೆ ಹೋಗಿ ಕೇಳೋದು?" ನನ್ನಲ್ಲಿ ಸಿದ್ಧ ಉತ್ತರ ಇರಲಿಲ್ಲ. ಹೋಗಿ ತಟ್ಟಲು ಬಾಗಿಲಿಲ್ಲ ಎಂಬುದು ನಿಜ. ಆದರೆ ಅವನ ಫೋನಿನಲ್ಲಿ ಪೋಲೆಂಡಿನ, ಅಮೆರಿಕದ, ಇಂಗ್ಲೆಂಡಿನ, ನೈಜೀರಿಯಾದ ಎಂಟು ಜನರ ಹೆಸರಿದೆ, ಎಂಟು ಜನರ ಫೋನಿನಲ್ಲಿ ಅವನ ಹೆಸರಿದೆ. ಸಂಘ ಎಂಬುದು ನಮ್ಮ ಊರಿನಲ್ಲೂ ಒಂದು ಕಾಲಕ್ಕೆ ಇಷ್ಟರಿಂದಲೇ ಆರಂಭವಾಯಿತು. ಅದನ್ನು ಹೇಗೆ ನಡೆಸುವುದೆಂದು ಅವರಿಗೆ ಹೇಳಿಕೊಡಬಲ್ಲವರು ನೀವು. ಸಂಜೆ ಪಾಳಿ ಬಿಟ್ಟ ಮೇಲೆ ಒಮ್ಮೆ ಆ ಅಂಗಡಿಯ ಮೇಲಿನ ಕೋಣೆಗೆ ಹತ್ತಿ ಹೋಗಿ, ಅವನನ್ನು ಮಾತಾಡಿಸಿ ಬನ್ನಿ.